ಆನೆ ಕೊಡುವ ಮೊದಲು

ಬಸವನಗುಡಿಯಲ್ಲಿ ಮಕ್ಕಳಿಗೆ ಚೆಸ್ ಹೇಳಿಕೊಡುವುದು ನನ್ನ ಕೆಲಸ. ಮೊದಮೊದಲು ನನ್ನ ಕ್ಲಾಸು ಹಬ್ಬದಂತಿರುತ್ತಿತ್ತು. ಗೋಡೆಗೆ ತೂಗುಹಾಕುವ ಡೆಮೊ ಬೋರ್ಡಿನಲ್ಲಿ 1999ರ ವೈಕ್ ಆನ್ ಜೀ (ನೆದರ್‌ಲ್ಯಾಂಡ್ಸ್) ಟೂರ್ನಿಯ ಕಾಸ್ಪರೋವ್–ಟೋಪಲೋವ್ ಆಟ ಜೋಡಿಸುತ್ತಿದ್ದೆ; ಕಾಸ್ಪರೋವ್ ಅವರದು ಬಿಳಿ ಕಾಯಿ, ಟೋಪಲೋವ್ ಅವರದು ಕಪ್ಪು. 24ನೇ ನಡೆಯಲ್ಲಿ ಕಾಸ್ಪರೋವ್ ಡಿ4 ಅನ್ನುವ ಮನೆಯಲ್ಲಿದ್ದ ಪೇದೆ ಹೊಡೆದು ಒಂದು ಆನೆಯನ್ನು ಬೇಕಂತಲೇ ಬಲಿ ಕೊಟ್ಟರು, ಮರುನಡೆಯಲ್ಲೇ ಇನ್ನೊಂದು ಆನೆಯನ್ನು ಎದುರಾಳಿ ಮಂತ್ರಿಯ ಬಾಯಿಗೆ ಒಡ್ಡಿದರು. ಎ7ರಲ್ಲಿದ್ದ ಕಪ್ಪು ರಾಜನನ್ನು ಬೋರ್ಡಿನ ಆ ತುದಿಯಿಂದ ಈ ತುದಿಗೆ, ಡಿ1ರವರೆಗೆ ಎಳೆದು ತಂದರು. ಮಕ್ಕಳು ಕೂತ ಜಾಗದಿಂದ ಎದ್ದು ನಿಂತುಬಿಡುತ್ತಿದ್ದರು. ಪಾಠ ಚೆನ್ನಾಗಿ ಆಯಿತು ಅಂತ ನಾನೂ ಖುಷಿಯಲ್ಲಿ ಮನೆಗೆ ಹೋಗುತ್ತಿದ್ದೆ.

ಒಂದು ಭಾನುವಾರದ ಟೂರ್ನಿಯಲ್ಲಿ ನನ್ನ ಹತ್ತು ವರ್ಷದ ಹುಡುಗನೊಬ್ಬ ಎಚ್7ರ ಪೇದೆಗೆ ಒಂಟೆ ಕೊಟ್ಟ. ಆಮೇಲೆ ಕುದುರೆ ಜಿ5ಕ್ಕೆ, ಮಂತ್ರಿ ಎಚ್5ಕ್ಕೆ. ನಾನು ಕಲಿಸಿದ್ದೇ ಅದು. ಆದರೆ ಎದುರಾಳಿಯ ಕುದುರೆ ಎಫ್6ರಲ್ಲಿ ಕೂತು ಎಚ್5ನ್ನು ಕಾಯುತ್ತಿತ್ತು. ಮಂತ್ರಿಗೆ ಅಲ್ಲಿಗೆ ಹೋಗಲು ದಾರಿಯೇ ಇರಲಿಲ್ಲ. ಸೋತು ಹೊರಗೆ ಬಂದವನು ಕಣ್ಣು ಒರೆಸಿಕೊಳ್ಳುತ್ತಾ, "ನೀವು ಹೇಳಿದ ಹಾಗೇ ಕೊಟ್ಟೆ ಮಿಸ್" ಅಂದ. ಅವರಮ್ಮ ಏನೂ ಅನ್ನಲಿಲ್ಲ, ನೀರಿನ ಬಾಟಲಿ ಕೈಗಿತ್ತು ಕರೆದುಕೊಂಡು ಹೋದರು. ತಪ್ಪು ಹುಡುಗನದಲ್ಲ, ನನ್ನದು.

ಆ ರಾತ್ರಿ ಅದೇ ಕಾಸ್ಪರೋವ್ ಆಟವನ್ನು ಮತ್ತೆ ಜೋಡಿಸಿ ಕೂತೆ. ನಾನು ಮಕ್ಕಳಿಗೆ ತೋರಿಸದೆ ಹಾರಿಸಿದ್ದೆಲ್ಲ ಆಗ ಕಂಡಿತು. ಆನೆ ಕೊಡುವ ಹೊತ್ತಿಗೆ ಟೋಪಲೋವ್ ಅವರ ಒಂಟೆ ಎ8ರ ಮೂಲೆಯಲ್ಲಿ ಕೆಲಸವಿಲ್ಲದೆ ಸಿಕ್ಕಿಕೊಂಡಿತ್ತು. ಕಾಸ್ಪರೋವ್ ಅವರ ಕುದುರೆ ಎ5ರಲ್ಲಿ ಕಪ್ಪು ರಾಜನ ಹತ್ತಿರವೇ ಕೂತಿತ್ತು, ಎಚ್3ರ ಒಂಟೆ ದೂರದಿಂದಲೇ ಸಿ8 ಮನೆಗೆ ಬೀಗ ಹಾಕಿತ್ತು. ಕೊಟ್ಟ ಆನೆಗಿಂತ ಉಳಿದ ಕಾಯಿಗಳು ಎಲ್ಲಿವೆ ಅನ್ನುವುದರಲ್ಲೇ ಆಟವಿತ್ತು. ಇನ್ನೊಂದು ಮಾತು: ಟೋಪಲೋವ್ ಆನೆ ಹೊಡೆಯದೆ ರಾಜನನ್ನು ಬಿ6ಕ್ಕೆ ಸರಿಸಿದ್ದರೆ ಈ ಬೇಟೆ ನಡೆಯುತ್ತಲೇ ಇರಲಿಲ್ಲ. 36ನೇ ನಡೆಯಲ್ಲಿ ಒಂಟೆ ಸದ್ದಿಲ್ಲದೆ ಎಫ್1ಕ್ಕೆ ಬರುತ್ತದೆ, ಚೆಕ್ ಕೂಡ ಅಲ್ಲ. ನನಗೆ ಈಗ ಆ ಆಟದಲ್ಲಿ ಅತಿ ಇಷ್ಟದ ನಡೆ ಅದು. ಅಷ್ಟು ವರ್ಷ ಅದನ್ನು ಓಡಿಸಿಕೊಂಡು ಹೋಗಿದ್ದೆ.

ಈಗ ನಾನು ಮೊದಲು ತೋರಿಸುವುದು 1953ರ ಜ್ಯೂರಿಕ್ ಕ್ಯಾಂಡಿಡೇಟ್ಸ್‌ನ (ವಿಶ್ವ ಚಾಂಪಿಯನ್‌ಗೆ ಸವಾಲು ಹಾಕುವವರನ್ನು ಆರಿಸುವ ಟೂರ್ನಿ) ರೆಶೆವ್ಸ್ಕಿ–ಪೆಟ್ರೋಸಿಯನ್ ಆಟ. ಬಿಳಿಯ ಪೇದೆಗಳು ನಡುವಿನಿಂದ ನುಗ್ಗುತ್ತಿವೆ, ಕಪ್ಪು ಕಾಯಿಯ ಪೆಟ್ರೋಸಿಯನ್‌ಗೆ ಉಸಿರಾಡಲೂ ಜಾಗವಿಲ್ಲ. ಆಟ ಕೊನೆಗೆ ಡ್ರಾ. ಗೆಲುವಿಲ್ಲದ ಆಟ ತೋರಿಸಿದರೆ ಮಕ್ಕಳಿಗೆ ಬೇಜಾರಾಗುತ್ತದೆ ಅಂತ ಹೆದರಿದ್ದೆ, ಹಾಗಾಗಲಿಲ್ಲ. 25ನೇ ನಡೆಯ ಹತ್ತಿರ ನಿಲ್ಲಿಸಿ, ಉತ್ತರ ಹೇಳದೆ ಒಂದೇ ಪ್ರಶ್ನೆ ಕೇಳುತ್ತೇನೆ: "ಕಪ್ಪಿನ ಯಾವ ಕಾಯಿಗೆ ಕೆಲಸ ಇಲ್ಲ? ಅದು ಎಲ್ಲಿ ಹೋಗಿ ಕೂತರೆ ಚೆನ್ನ?" ನನ್ನ ಕಷ್ಟ ಇರುವುದು ಬಾಯಿ ಮುಚ್ಚಿಕೊಂಡಿರುವುದರಲ್ಲಿ. ಮಕ್ಕಳು ತಡಕಾಡುವಾಗ ನೆರವಾಗಬೇಕು ಅನ್ನಿಸಿ ಕೈ ಬೋರ್ಡಿನ ಕಡೆಗೇ ಹೋಗುತ್ತದೆ.

ಒಂಟೆ ಕೊಟ್ಟು ಅತ್ತ ಅದೇ ಹುಡುಗ, ಈ ಆಟ ತೋರಿಸಿದ ದಿನ, ಅರ್ಧ ಗಂಟೆ ಬೋರ್ಡು ನೋಡುತ್ತಾ ಕೂತಿದ್ದ. "ಕುದುರೆ ಡಿ5ಕ್ಕೆ ಹೋಗ್ಬೇಕು ಮಿಸ್. ಇ7ರ ಮೇಲಿಂದ ಹೋಗ್ಬೇಕು. ಅಲ್ಲಿ ನಮ್ಮ ಆನೆನೇ ಅಡ್ಡ ನಿಂತಿದೆ."

"ಹಾಗಾದ್ರೆ?"

ಆನೆಯನ್ನು ಎತ್ತಿ ಇ6ರಲ್ಲಿಟ್ಟ. ಬಿಳಿ ಒಂಟೆ ಹೊಡೆಯುವ ಜಾಗ ಅದು. ಗೊತ್ತಾಗಿ ಕೈ ಹಿಂದೆ ತೆಗೆದ, ಮತ್ತೆ ಒಂದಷ್ಟು ಹೊತ್ತು ನೋಡಿದ. "ಹೊಡೆದ್ರೆ ಹೊಡೀಲಿ ಮಿಸ್," ಅಂದು ಆನೆಯನ್ನು ಅಲ್ಲೇ ಬಿಟ್ಟ.