ಹಳೆಯ ಸಿಸ್ಟಮ್ ಡಿಸ್ಕನ್ನು ಹೊಸ ಕಂಪ್ಯೂಟರಿಗೆ ಸಾಗಿಸುವ ಮೊದಲು

ಹೊಸ ಕಂಪ್ಯೂಟರ್ ಜೋಡಿಸಿಕೊಂಡವರು ಸಲಹೆ ಕೇಳಿದರೆ, ವಿಂಡೋಸನ್ನು ಹೊಸದಾಗಿಯೇ ಹಾಕಿಕೊಳ್ಳಿ ಎಂದು ನಾನು ಹೇಳುತ್ತೇನೆ. ಓದುವ ಹುಡುಗರಿಗೆ, ಮನೆಬಳಕೆಯವರಿಗೆ ಅದಕ್ಕಿಂತ ಸರಳವಾದ ದಾರಿಯಿಲ್ಲ. ಆದರೆ ಬೆಟಗೇರಿಯಲ್ಲಿ ಮುದ್ರಣಾಲಯ ನಡೆಸುವ ಗೆಳೆಯರಿಗೆ ಈ ಮಾತು ಹೇಳುವಂತಿರಲಿಲ್ಲ. ಅವರ ಡಿಸ್ಕಿನಲ್ಲಿ 2001ರಲ್ಲಿ ಬಂದ, ಪುಟ ಜೋಡಿಸುವ ಪೇಜ್‌ಮೇಕರ್ 7 ಇದೆ, ಹಳೆಯ ಕೋರೆಲ್ ಡ್ರಾ ಇದೆ, ಯುನಿಕೋಡ್ ಬಳಕೆಗೆ ಬರುವ ಮೊದಲಿನ ಪದ್ಧತಿಯ ನುಡಿ ಅಕ್ಷರಗಳಲ್ಲಿ ಜೋಡಿಸಿದ ಲಗ್ನಪತ್ರಿಕೆಗಳೂ ಜಾತ್ರೆಯ ಕರಪತ್ರಗಳೂ ರಾಶಿಯಾಗಿ ಬಿದ್ದಿವೆ. ಅಂತಹ ಕಡತಗಳನ್ನು ಅದೇ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. ಅನುಸ್ಥಾಪನೆಯ ಸೀಡಿಗಳಲ್ಲಿ ಕೆಲವು ಗೀರುಬಿದ್ದಿವೆ, ಕೆಲವು ಎಲ್ಲಿವೆಯೆಂದು ಯಾರಿಗೂ ನೆನಪಿಲ್ಲ. ಹೀಗಿರುವಾಗ ವಿಂಡೋಸ್ ಇರುವ ಆ ಡಿಸ್ಕನ್ನು ಇದ್ದಂತೆಯೇ ಸಾಗಿಸುವುದೊಂದೇ ಉಳಿದ ದಾರಿ.

“ಹಳೇ ಡಿಸ್ಕ್ ಕಿತ್ತು ಹೊಸಾದಕ್ಕ ಹಚ್ಚಿದ್ರ ಮುಗೀತಲ್ರೀ, ಮತ್ತೇನೈತಿ ಅದರಾಗ?” ಎಂಬುದು ಅವರ ಲೆಕ್ಕಾಚಾರ. ಈ ಲೆಕ್ಕಾಚಾರ ಪೂರ್ತಿ ತಪ್ಪೇನಲ್ಲ. ವಿಂಡೋಸ್ ಎಕ್ಸ್‌ಪಿಯ ಕಾಲದಲ್ಲಿ ಬೇರೆ ಮದರ್‌ಬೋರ್ಡಿಗೆ ಡಿಸ್ಕ್ ಹಾಕಿದರೆ ವಿಂಡೋಸ್ ಕುಸಿದಾಗ ಬರುವ ನೀಲಿ ಪರದೆ ಬಹುಮಟ್ಟಿಗೆ ಖಚಿತವಾಗಿತ್ತು. ವಿಂಡೋಸ್ 10 ಮತ್ತು 11 ಬೋರ್ಡಿನ ಬದಲಾವಣೆಯನ್ನು ಸಾಕಷ್ಟು ಸಹಿಸಿಕೊಳ್ಳುತ್ತವೆ. ತೊಡಕು ಇರುವುದು ಬೇರೆ ಕಡೆ. ಕಂಪ್ಯೂಟರ್ ಶುರುವಾಗಲು ಬೇಕಾದುದೆಲ್ಲ ಡಿಸ್ಕಿನಲ್ಲಿ ಇರುವುದಿಲ್ಲ. ಯಾವ ಕಡತದಿಂದ ಬೂಟ್ ಆಗಬೇಕೆಂಬ ನಮೂದು ಬೋರ್ಡಿನ ಸ್ಮೃತಿಯಲ್ಲಿರುತ್ತದೆ, ಡಿಸ್ಕನ್ನು ಓದುವ ರೀತಿ ಬಯಾಸಿನಲ್ಲಿ, ಅಂದರೆ ಬೋರ್ಡಿನಲ್ಲೇ ಇರುವ ಆರಂಭಿಕ ತಂತ್ರಾಂಶದಲ್ಲಿ, ನಿಗದಿಯಾಗಿರುತ್ತದೆ, ಡಿಸ್ಕಿಗೆ ಬೀಗ ಹಾಕಿದ್ದರೆ ಅದರ ಕೀಲಿ ಟಿಪಿಎಂ ಎಂಬ ಭದ್ರತಾ ಚಿಪ್ಪಿನಲ್ಲಿರುತ್ತದೆ, ಪರವಾನಗಿಯೂ ಬಹಳ ಸಲ ಬೋರ್ಡಿಗೇ ಅಂಟಿಕೊಂಡಿರುತ್ತದೆ. ಡಿಸ್ಕ್ ಕಿತ್ತರೆ ಇವೆಲ್ಲ ಹಳೆಯ ಪೆಟ್ಟಿಗೆಯಲ್ಲೇ ಉಳಿಯುತ್ತವೆ. ಆದ್ದರಿಂದ ಸಾಗಾಟದ ಹೆಚ್ಚಿನ ಕೆಲಸವನ್ನು ಹಳೆಯ ಯಂತ್ರ ಇನ್ನೂ ನಡೆಯುತ್ತಿರುವಾಗ, ಅದರ ಮುಂದೆಯೇ ಕುಳಿತು ಮುಗಿಸಬೇಕು. ಸ್ಕ್ರೂಡ್ರೈವರ್ ಹಿಡಿಯುವುದು ಕೊನೆಯ ಮಾತು.

ಅವರ ಹಳೆಯ ಯಂತ್ರ ಇಂಟೆಲ್‌ನ ನಾಲ್ಕನೆಯ ತಲೆಮಾರಿನದು, ಅಂದರೆ 2013ರ ಸುಮಾರಿನ ಎಚ್81 ಬೋರ್ಡು. ಅದಕ್ಕೆ ಆಮೇಲೆ ಒಂದು ಸಾಟಾ ಎಸ್ಎಸ್‌ಡಿ, ಅಂದರೆ ಸಾಟಾ ತಂತಿಯಿಂದ ಜೋಡಿಸುವ ಚಿಪ್ಪುಗಳ ಡಿಸ್ಕು, ಸೇರಿದೆ. ಹೊಸದು ಐ5-12400 ಪ್ರೊಸೆಸರು, ಬಿ760 ಬೋರ್ಡು. ಬಿಡಿಭಾಗಗಳು ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯಿಂದ ಬಂದವು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಲಗ್ನಪತ್ರಿಕೆಗೆ ಅದರ ಅಗತ್ಯವೂ ಇಲ್ಲ.

ಹಳೆಯ ಯಂತ್ರದಲ್ಲಿ ಮೊದಲು ನೋಡಬೇಕಾದದ್ದು ವಿಂಡೋಸ್ 32 ಬಿಟ್ಟಿನದೋ 64 ಬಿಟ್ಟಿನದೋ ಎಂಬುದನ್ನು. 32 ಬಿಟ್ ಆಗಿದ್ದರೆ ಅಲ್ಲಿಗೇ ನಿಲ್ಲಬೇಕು, ಏಕೆಂದರೆ ಅದು ಈಗಿನ ಬೋರ್ಡುಗಳ 64 ಬಿಟ್ ಯುಇಎಫ್ಐಯಲ್ಲಿ (ಬಯಾಸಿನ ಹೊಸ ರೂಪ) ಬೂಟ್ ಆಗುವುದಿಲ್ಲ, ಮತ್ತು ಇದ್ದದ್ದನ್ನು ಉಳಿಸಿಕೊಂಡು 64 ಬಿಟ್ಟಿಗೆ ಏರಿಸುವ ವ್ಯವಸ್ಥೆಯನ್ನು ಮೈಕ್ರೋಸಾಫ್ಟ್ ಕೊಟ್ಟಿಲ್ಲ. ಇವರದು 64 ಬಿಟ್ಟಿನ ವಿಂಡೋಸ್ 10 ಆಗಿತ್ತು. ಎರಡನೆಯದು, ಸಿಸ್ಟಮ್ ಇನ್ಫರ್ಮೇಶನ್ ಕಿಟಕಿಯಲ್ಲಿ ಬಯಾಸ್ ಮೋಡ್ ಎಂಬ ಸಾಲು. ಅಲ್ಲಿ ಲೆಗಸಿ (ಹಳೆಯ ಬೂಟ್ ಪದ್ಧತಿ) ಎಂದಿತ್ತು. ಅಂದರೆ ಡಿಸ್ಕು ಹಳೆಯ ಎಂಬಿಆರ್ ಪದ್ಧತಿಯಲ್ಲಿ ವಿಭಾಗವಾಗಿದೆ. ಇಂಟೆಲ್‌ನ ಹನ್ನೊಂದನೆಯ ತಲೆಮಾರಿನಿಂದ ಈಚಿನ ಡೆಸ್ಕ್‌ಟಾಪ್‌ಗಳಲ್ಲಿ ಪ್ರೊಸೆಸರಿನೊಳಗಿನ ಗ್ರಾಫಿಕ್ಸನ್ನೇ ನಂಬಿದರೆ ಲೆಗಸಿ ಬೂಟ್ ಸಿಗುವುದಿಲ್ಲ. ಆ ಡಿಸ್ಕನ್ನು ಹಾಗೆಯೇ ಒಯ್ದು ಹಚ್ಚಿದರೆ ಹೊಸ ಬೋರ್ಡು ನೇರವಾಗಿ ಬಯಾಸಿಗೆ ಹೋಗಿ ನಿಲ್ಲುತ್ತದೆ. ಡಿಸ್ಕೇ ಕೆಟ್ಟಿತೇನೋ ಎಂದು ಮಾಲೀಕರು ಗಾಬರಿಯಾಗುವುದು ಇಂತಹ ಹೊತ್ತಿನಲ್ಲೇ.

ಎಂಬಿಆರ್ ಡಿಸ್ಕನ್ನು ಅಳಿಸದೆ, ಯುಇಎಫ್ಐ ಬಯಸುವ ಜಿಪಿಟಿ ಎಂಬ ಹೊಸ ವಿಭಾಗ ಪದ್ಧತಿಗೆ ಬದಲಿಸುವ ಸಾಧನ ವಿಂಡೋಸಿನೊಳಗೇ ಇದೆ. 2017ರಲ್ಲಿ ಬಂದ ವಿಂಡೋಸ್ 10ರ 1703ನೆಯ ಆವೃತ್ತಿಯಿಂದ ಎಂಬಿಆರ್2ಜಿಪಿಟಿ ಎಂಬ ಆದೇಶ ಅದರೊಂದಿಗೇ ಬರುತ್ತದೆ. ಆದರೆ ಅದಕ್ಕೆ ಕಟ್ಟುನಿಟ್ಟಾದ ಷರತ್ತುಗಳಿವೆ: ಮೂರಕ್ಕಿಂತ ಹೆಚ್ಚು ಪ್ರೈಮರಿ ವಿಭಾಗಗಳು ಇರಕೂಡದು, ಎಕ್ಸ್‌ಟೆಂಡೆಡ್ ಮತ್ತು ಅದರೊಳಗೆ ಮಾಡುವ ಲಾಜಿಕಲ್ ವಿಭಾಗಗಳಂತೂ ಇರಲೇಬಾರದು. ನಮ್ಮ ಕಡೆಯ ಅಂಗಡಿಗಳಲ್ಲಿ ಕಂಪ್ಯೂಟರ್ ಜೋಡಿಸಿಕೊಡುವವರು ಒಂದು ಕಾಲಕ್ಕೆ ಡಿಸ್ಕನ್ನು ಸಿ, ಡಿ, ಇ ಎಂದು ಹೋಳು ಮಾಡಿಯೇ ಕೊಡುತ್ತಿದ್ದರು. ವಿಂಡೋಸ್ ಕೆಟ್ಟರೂ ಡಿಯಲ್ಲಿದ್ದದ್ದು ಉಳಿಯಲಿ ಎಂಬ ಒಳ್ಳೆಯ ಉದ್ದೇಶ ಅದರ ಹಿಂದಿತ್ತು. ಆದರೆ ಆ ಡಿ ಮತ್ತು ಇ ಬಹಳ ಸಲ ಲಾಜಿಕಲ್ ವಿಭಾಗಗಳೇ ಆಗಿರುತ್ತವೆ. ಇಲ್ಲಿಯೂ ಹಾಗೆಯೇ ಇದ್ದುದರಿಂದ ಪರಿವರ್ತನೆಗೆ ಮೊದಲಿನ ಪರೀಕ್ಷೆಯ ಹಂತದಲ್ಲೇ ಆದೇಶ ನಿರಾಕರಿಸಿತು.

ಪರಿಹಾರ ಕಷ್ಟವಲ್ಲ, ಆದರೆ ಅವಸರ ಕೂಡದು. ಇಡೀ ಡಿಸ್ಕಿನ ಪ್ರತಿಬಿಂಬವನ್ನು, ಅಂದರೆ ಯಥಾವತ್ ನಕಲನ್ನು, ಕ್ಲೋನ್‌ಜಿಲ್ಲಾ ಎಂಬ ತಂತ್ರಾಂಶದಿಂದ ಹೊರಗಿನ ಹಾರ್ಡ್ ಡಿಸ್ಕಿಗೆ ತೆಗೆದದ್ದಾಯಿತು. ಅದಲ್ಲದೆ ಡಿ, ಇ ವಿಭಾಗಗಳ ಕಡತಗಳನ್ನು ಪ್ರತ್ಯೇಕವಾಗಿಯೂ ನಕಲು ಮಾಡಿ, ಕೆಲವನ್ನು ಬೇರೆ ಯಂತ್ರದಲ್ಲಿ ತೆರೆದು ನೋಡಿದ ಮೇಲೆಯೇ ಲಾಜಿಕಲ್ ವಿಭಾಗಗಳನ್ನೂ ಅವುಗಳನ್ನು ಹೊತ್ತಿದ್ದ ಎಕ್ಸ್‌ಟೆಂಡೆಡ್ ವಿಭಾಗವನ್ನೂ ಅಳಿಸಲಾಯಿತು. ಆಗ ಪರೀಕ್ಷೆ ಪಾಸಾಯಿತು. ಪರಿವರ್ತನೆಗೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಸಿ ವಿಭಾಗವನ್ನು ಕೊಂಚ ಕುಗ್ಗಿಸಿ, ಆ ಜಾಗದಲ್ಲಿ ಯುಇಎಫ್ಐಗೆ ಬೇಕಾದ ಸಣ್ಣ ಫ್ಯಾಟ್32 ವಿಭಾಗವನ್ನು ಅದು ತಾನೇ ಮಾಡಿಕೊಳ್ಳುತ್ತದೆ. ಅಷ್ಟು ಹೊತ್ತು ಕರೆಂಟ್ ಹೋಗಬಾರದು ಎಂಬುದೊಂದೇ ಪ್ರಾರ್ಥನೆ. ಯುಪಿಎಸ್ಸಿನ ಬ್ಯಾಟರಿ ಸತ್ತಿದ್ದರೆ ಆ ದಿನ ಈ ಕೆಲಸಕ್ಕೆ ಕೈಹಾಕದಿರುವುದೇ ಲೇಸು.

ಇಲ್ಲಿ ಬಹಳ ಜನ ಬಿಡುವ ಹೆಜ್ಜೆಯೊಂದಿದೆ. ಪರಿವರ್ತನೆಯಾದ ಡಿಸ್ಕನ್ನು ಕೂಡಲೇ ಕಿತ್ತುಕೊಂಡು ಹೋಗಬಾರದು. ಆ ಕಾಲದ ಬೋರ್ಡುಗಳಲ್ಲೂ ಬಹುಪಾಲು ಯುಇಎಫ್ಐ ಸೌಲಭ್ಯವಿರುತ್ತದೆ. ಬಯಾಸಿನಲ್ಲಿ ಲೆಗಸಿಯಿಂದ ಯುಇಎಫ್ಐಗೆ ಬದಲಿಸಿ, ಹಳೆಯ ಯಂತ್ರದಲ್ಲೇ ಒಮ್ಮೆ ಬೂಟ್ ಮಾಡಬೇಕು. ಅಲ್ಲಿ ಏಳುವ ಡಿಸ್ಕು ಹೊಸ ಬೋರ್ಡಿನಲ್ಲಿ ಏಳದಿದ್ದರೆ ದೋಷ ವಿಭಾಗಗಳಲ್ಲಿ ಇಲ್ಲವೆಂಬುದಾದರೂ ತಿಳಿದಿರುತ್ತದೆ.

ಮುಂದಿನದು ಡಿಸ್ಕ್ ಓದುವ ರೀತಿ. ವಿಂಡೋಸ್ 8ರಿಂದ ಈಚೆಗೆ, ಬೂಟ್ ಆಗಲು ಬಳಕೆಯಾಗದ ಶೇಖರಣಾ ಡ್ರೈವರುಗಳನ್ನು (ಡಿಸ್ಕನ್ನು ನಡೆಸುವ ಕಿರು ತಂತ್ರಾಂಶಗಳನ್ನು) ವಿಂಡೋಸ್ ಬದಿಗಿಟ್ಟಿರುತ್ತದೆ. ಹಳೆಯ ಬಯಾಸಿನಲ್ಲಿ ಸಾಟಾ ಐಡಿಇ ಎಂಬ ಹಳೆಯ ಮೋಡಿನಲ್ಲಿದ್ದು ಹೊಸದರಲ್ಲಿ ಎಎಚ್‌ಸಿಐ ಎಂಬ ಈಚಿನ ಮೋಡ್ ಇದ್ದರೆ, ಇಲ್ಲವೇ ಹೊಸದರಲ್ಲಿ ಇಂಟೆಲ್‌ನ ವಿಎಂಡಿ ಎಂಬ ಡಿಸ್ಕ್ ನಿರ್ವಹಣಾ ಸೌಲಭ್ಯ ಚಾಲೂ ಇದ್ದರೆ, ಬೂಟ್ ಸಾಧನ ಸಿಗಲಿಲ್ಲವೆಂಬ ನೀಲಿ ಪರದೆ ಬರುತ್ತದೆ. ಮೊದಲನೆಯದಕ್ಕೆ ಮದ್ದು ಸುಲಭ: ಹಳೆಯ ಯಂತ್ರದಲ್ಲಿ ಮುಂದಿನ ಬೂಟ್ ಸೇಫ್ ಮೋಡಿನಲ್ಲಿ, ಅಂದರೆ ಕನಿಷ್ಠ ಡ್ರೈವರುಗಳೊಂದಿಗೆ, ಆಗುವಂತೆ ನಿಗದಿಪಡಿಸಿ, ಬಯಾಸಿನಲ್ಲಿ ಎಎಚ್‌ಸಿಐಗೆ ಬದಲಿಸಿ, ಒಮ್ಮೆ ಏಳಿಸಿ, ಆಮೇಲೆ ಸೇಫ್ ಮೋಡ್ ತೆಗೆದುಹಾಕಬೇಕು. ಎರಡನೆಯದಕ್ಕೆ, ಒಂದೆರಡೇ ಡಿಸ್ಕು ಇರುವ ಯಂತ್ರದಲ್ಲಿ ವಿಎಂಡಿಯ ಅಗತ್ಯವೇ ಇಲ್ಲವಾದ್ದರಿಂದ ಅದನ್ನು ಹೊಸ ಬೋರ್ಡಿನಲ್ಲಿ ಆರಿಸಿಬಿಡುವುದು ನನ್ನ ರೂಢಿ.

ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಈ ಯಂತ್ರದಲ್ಲಿ ಇರಲಿಲ್ಲ. ಇತ್ತೀಚಿನ ಲ್ಯಾಪ್‌ಟಾಪುಗಳಲ್ಲಿ ಮಾಲೀಕರಿಗೆ ತಿಳಿಯದೆಯೇ ಎನ್‌ಕ್ರಿಪ್ಶನ್ ಚಾಲೂ ಇರುವುದುಂಟು. ಅಂತಹ ಡಿಸ್ಕು ಹೊಸ ಬೋರ್ಡಿಗೆ ಹೋದ ಕೂಡಲೇ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಹಳೆಯ ಯಂತ್ರದಲ್ಲಿಯೇ ಅದನ್ನು ಪೂರ್ತಿ ತೆರವು ಮಾಡಿ ಹೊರಡುವುದು ಕ್ಷೇಮ.

ಪರವಾನಗಿಯ ವಿಷಯದಲ್ಲಿ ಗೊಂದಲ ಬಹಳ. ಯಂತ್ರದೊಂದಿಗೇ ಬಂದ ಓಇಎಂ ವಿಂಡೋಸ್ ಆ ಬೋರ್ಡಿಗೆ ಮಾತ್ರ ಸೇರಿದ್ದು, ಬೋರ್ಡು ಬದಲಾದರೆ ಹೊಸದನ್ನು ಕೊಳ್ಳಬೇಕು. ಬೇರೆಯಾಗಿ ಕೊಂಡ ರೀಟೇಲ್ ಆಗಿದ್ದರೆ ಒಯ್ಯಬಹುದು. ಯಾವುದೆಂದು ಎಸ್ಎಲ್ಎಂಜಿಆರ್ ಆದೇಶಕ್ಕೆ ಡಿಎಲ್ಐ ಸೇರಿಸಿ ಕೊಟ್ಟರೆ ತಿಳಿಯುತ್ತದೆ. ರೀಟೇಲ್ ಇದ್ದವರು ಹಳೆಯ ಯಂತ್ರದಲ್ಲಿರುವಾಗಲೇ ಅದನ್ನು ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿಟ್ಟರೆ, ಹೊಸದರಲ್ಲಿ ಯಂತ್ರಾಂಶ ಬದಲಾಗಿದೆಯೆಂದು ಹೇಳಿ ಸಕ್ರಿಯಗೊಳಿಸಿಕೊಳ್ಳಬಹುದು. ಇವರದು ಓಇಎಂ ಆಗಿತ್ತು, ಹೊಸ ಪರವಾನಗಿಯ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿದಿದ್ದೆವು. ಲೆಕ್ಕಪತ್ರದ ತಂತ್ರಾಂಶವಾದ ಟ್ಯಾಲಿಯನ್ನಂತೂ ಮರೆಯಲೇಬಾರದು: ಅದರ ಪರವಾನಗಿಯನ್ನು ಹಳೆಯ ಯಂತ್ರದಲ್ಲಿ ಸರೆಂಡರ್ ಮಾಡಿ ಹೊಸದರಲ್ಲಿ ಮತ್ತೆ ಸಕ್ರಿಯಗೊಳಿಸಬೇಕು, ಇಲ್ಲವಾದರೆ ಅದು ಕಲಿಕೆಗಷ್ಟೇ ಇರುವ ಎಜುಕೇಶನಲ್ ಮೋಡಿಗೆ ಬಂದು ಕೂಡುತ್ತದೆ. ಎಪಿಎಂಸಿಯ ಅಡತಿ ಅಂಗಡಿಗಳಲ್ಲಿ ಇದನ್ನು ವಿಂಡೋಸಿಗಿಂತ ದೊಡ್ಡ ವಿಷಯವೆಂದು ತಿಳಿಯಬೇಕು.

ಇನ್ನು ಸಾಗಿಸಲಾಗದೆ ಉಳಿದದ್ದು ಒಂದು ಹಳೆಯ ಅಕ್ಷರ ತಂತ್ರಾಂಶದ ಡಾಂಗಲ್, ಅಂದರೆ ಆ ತಂತ್ರಾಂಶ ನಡೆಯಲು ಯಂತ್ರಕ್ಕೆ ಸಿಕ್ಕಿಸಿರಬೇಕಾದ ಕೀಲಿ. ಅದು ಹಳೆಯ ಪ್ರಿಂಟರುಗಳ ಪ್ಯಾರಲಲ್ ಪೋರ್ಟಿಗೆ ಸಿಕ್ಕಿಸುವಂಥದ್ದು, ಹೊಸ ಬೋರ್ಡಿಗೆ ಆ ಪೋರ್ಟೇ ಇಲ್ಲ. ಮಾರುಕಟ್ಟೆಯಲ್ಲಿ ಸಿಗುವ ಯುಎಸ್‌ಬಿ ಪರಿವರ್ತಕ ತಂತಿಗಳು ಪ್ರಿಂಟರಿಗೆ ಮಾತ್ರ ಆಗಿಬರುತ್ತವೆ, ಡಾಂಗಲ್ಲಿಗಲ್ಲ. ಆ ಪೋರ್ಟ್ ಇರುವ ಪಿಸಿಐಇ ಕಾರ್ಡನ್ನು ಬೋರ್ಡಿಗೆ ಹಾಕಿದರೂ ಪೋರ್ಟಿನ ವಿಳಾಸ ಬೇರೆಯಾಗುವುದರಿಂದ ಹಳೆಯ ಡಾಂಗಲ್ಲುಗಳು ಸಿಗದೆ ಹೋಗುವುದೇ ಹೆಚ್ಚು. ಕ್ಲೋನ್‌ಜಿಲ್ಲಾದ ಪ್ರತಿಬಿಂಬವನ್ನು ಮೂಲೆಯಲ್ಲಿದ್ದ ಒಂದು ಹಳೆಯ ಹಾರ್ಡ್ ಡಿಸ್ಕಿಗೆ ಇಳಿಸಿ, ಬಯಾಸನ್ನು ಲೆಗಸಿಗೆ ಮರಳಿಸಿ, ಹಳೆಯ ಯಂತ್ರವನ್ನು ಆ ತಂತ್ರಾಂಶಕ್ಕೆಂದೇ ಇಟ್ಟುಕೊಂಡರು. ಅದಕ್ಕೆ ಇಂಟರ್‌ನೆಟ್ ತಂತಿ ಹಚ್ಚುವುದಿಲ್ಲ.

ಇಷ್ಟಾದ ಮೇಲೆ ಹೊಸ ಯಂತ್ರದಲ್ಲಿ ನಡೆದದ್ದನ್ನು ಹೇಳಲು ಹೆಚ್ಚೇನಿಲ್ಲ. ಸಾಧನಗಳನ್ನು ಸಿದ್ಧಪಡಿಸುತ್ತಿದ್ದೇನೆಂದು ವಿಂಡೋಸ್ ಸ್ವಲ್ಪ ಹೊತ್ತು ತೋರಿಸಿ, ತಾನೇ ಮರುಚಾಲೂ ಆಗಿ, ಪರಿಚಿತ ಡೆಸ್ಕ್‌ಟಾಪಿಗೆ ಬಂದಿತು. ಹೊಸ ಬೋರ್ಡಿನ ನೆಟ್‌ವರ್ಕ್ ಡ್ರೈವರ್ ವಿಂಡೋಸ್ 10ರಲ್ಲಿ ಇಲ್ಲದಿರಬಹುದಾದ್ದರಿಂದ ಅದನ್ನು ಮೊದಲೇ ಪೆನ್ ಡ್ರೈವಿನಲ್ಲಿ ಇಟ್ಟುಕೊಂಡಿದ್ದೆವು. ಇಲ್ಲವಾದರೆ ಮೊಬೈಲಿನಿಂದ ಯುಎಸ್‌ಬಿ ಟೆದರಿಂಗ್ ಮಾಡಿದರೂ ನಡೆಯುತ್ತದೆ. ಹಳೆಯ ಬೋರ್ಡಿನ ಕಂಪನಿಯ ತಂತ್ರಾಂಶಗಳನ್ನೂ ಹಳೆಯ ಗ್ರಾಫಿಕ್ಸ್ ಡ್ರೈವರನ್ನೂ ತೆಗೆದುಹಾಕಿದೆವು. ಡಿವೈಸ್ ಮ್ಯಾನೇಜರಿನಲ್ಲಿ ಮಸುಕಾಗಿ ಕಾಣುವ ಹಳೆಯ ಸಾಧನಗಳನ್ನು ಅಳಿಸಲೇಬೇಕೆಂದೇನೂ ಇಲ್ಲ, ಅವು ಯಾರಿಗೂ ತೊಂದರೆ ಕೊಡುವುದಿಲ್ಲ.

ಇದೇ ಸಾಗಾಟವನ್ನು ಲಿನಕ್ಸಿನಲ್ಲಿ ಮಾಡಿದವರಿಗೆ ಮೇಲಿನ ಬಹುಪಾಲು ಮಾತು ವಿಚಿತ್ರವಾಗಿ ಕಾಣಬಹುದು. ಅಲ್ಲಿ ಡ್ರೈವರುಗಳು ವ್ಯವಸ್ಥೆಯ ತಿರುಳಾದ ಕರ್ನಲ್ಲಿನ ಜೊತೆಗೇ ಇರುತ್ತವೆ, ಎಫ್‌ಎಸ್‌ಟ್ಯಾಬ್ ಕಡತದಲ್ಲಿ ವಿಭಾಗಗಳನ್ನು ಯುಯುಐಡಿ ಎಂಬ ಬದಲಾಗದ ಸಂಖ್ಯೆಯಿಂದ ಗುರುತಿಸಿದ್ದರೆ ಡಿಸ್ಕಿನ ಹೆಸರು ಬದಲಾದರೂ ಚಿಂತೆಯಿಲ್ಲ. ನೆಟ್‌ವರ್ಕ್ ಕಾರ್ಡಿನ ಹೆಸರು ಬದಲಾಗಿ ಸ್ಥಿರ ಐಪಿ ವಿಳಾಸ ಕೈಬಿಟ್ಟುಹೋಗುವುದೊಂದೇ ಸಾಮಾನ್ಯವಾದ ತಕರಾರು. ಬೋರ್ಡಿನ ಸ್ಮೃತಿಯಲ್ಲಿದ್ದ ಬೂಟ್ ನಮೂದನ್ನು ಮಾತ್ರ ಅಲ್ಲಿಯೂ ಹೊಸದಾಗಿ ಬರೆಯಬೇಕಾಗಬಹುದು.

ಬಿ760 ಬೋರ್ಡಿನಲ್ಲಿ ಎಂ.2 ಜಾಗವಿದ್ದುದರಿಂದ, ಅಲ್ಲಿ ಕೂರುವ ಹೆಚ್ಚು ವೇಗದ ಎನ್‌ವಿಎಂಇ ಡಿಸ್ಕಿಗೆ ಹೋಗುವ ಆಸೆ ಗೆಳೆಯರಿಗೆ ಮೊದಲಿನಿಂದಲೂ ಇತ್ತು. ಸಾಟಾ ಎಸ್ಎಸ್‌ಡಿ ಸೆಕೆಂಡಿಗೆ ಸುಮಾರು 550 ಮೆಗಾಬೈಟ್ ಓದಿದರೆ, ಪಿಸಿಐಇ 3.0ರ ಒಳ್ಳೆಯ ಎನ್‌ವಿಎಂಇ 3500ರವರೆಗೂ ಹೋಗುತ್ತದೆ. ಪೇಜ್‌ಮೇಕರಿನಲ್ಲಿ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲವೆಂದು ನಾನು ಹೇಳಿದ್ದನ್ನು ಅವರು ಒಪ್ಪಲಿಲ್ಲ. ಬೋರ್ಡು ಮತ್ತು ಡಿಸ್ಕು ಎರಡನ್ನೂ ಒಮ್ಮೆಗೇ ಬದಲಿಸಿದರೆ ತೊಂದರೆ ಎಲ್ಲಿಯದೆಂದು ಹುಡುಕುವುದು ಕಷ್ಟವಾದ್ದರಿಂದ, ಹಳೆಯ ಡಿಸ್ಕಿನಲ್ಲೇ ಕೆಲವು ದಿನ ಪತ್ರಿಕೆಗಳನ್ನು ಜೋಡಿಸಿ, ಪ್ರಿಂಟರು ಬಣ್ಣವನ್ನು ಮೊದಲಿನಂತೆಯೇ ಕೊಡುತ್ತಿದೆಯೆಂದು ಖಾತ್ರಿಯಾದ ಮೇಲೆ ನಕಲು ಮಾಡಿದೆವು. ನಕಲು ಮುಗಿದೊಡನೆ ಸಾಟಾ ತಂತಿಯನ್ನು ಕಿತ್ತು, ಹೊಸ ಡಿಸ್ಕಿನಿಂದ ಮಾತ್ರ ಬೂಟ್ ಮಾಡಿದ್ದಾಯಿತು. ಒಂದೇ ಗುರುತಿನ ಎರಡು ಡಿಸ್ಕುಗಳು ಜೊತೆಗಿದ್ದರೆ ಯಾವುದರಿಂದ ಏಳುತ್ತಿದೆಯೆಂಬುದೇ ತಿಳಿಯುವುದಿಲ್ಲ.

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಕೊನೆಯ ಹೆಜ್ಜೆ ವಿಂಡೋಸ್ 11. ಹಳೆಯ ಪ್ರೊಸೆಸರಿಗೆ ಅಧಿಕೃತ ಪಟ್ಟಿಯಲ್ಲಿ ಜಾಗವಿರಲಿಲ್ಲ, ಹೊಸದಕ್ಕೆ ಇದೆ, ಟಿಪಿಎಂ 2.0 ಬಯಾಸಿನಲ್ಲಿ ಪಿಟಿಟಿ ಎಂಬ ಹೆಸರಿನಲ್ಲಿ ಸಿಗುತ್ತದೆ. ಲಗ್ನದ ಹಂಗಾಮು ಮುಗಿಯುವವರೆಗೆ ಅದನ್ನು ಮುಟ್ಟುವುದಿಲ್ಲವೆಂದು ಗೆಳೆಯರು ಹೇಳಿದ್ದಾರೆ. ಅಲ್ಲಿಯವರೆಗೆ ಸಾಟಾ ಡಿಸ್ಕನ್ನು ಅಳಿಸದೆ, ಮೇಲೆ ತಾರೀಖಿನ ಚೀಟಿ ಅಂಟಿಸಿ ಕಪಾಟಿನಲ್ಲಿಟ್ಟಿದ್ದೇವೆ.