ಮೊದಲ ಹಾಳೆ ಖಾಲಿ ಇರಲಿ

ಹೋದ ವಾರ ನನ್ನ ಹೊಸ ಕಾದಂಬರಿಯ ಕೊನೆಯ ಕರಡು ಬಂತು. ಈ ಸಲ ಪ್ರಕಾಶಕರ ಜೊತೆ ಕಥೆಗಿಂತ ಜಾಸ್ತಿ ಮಾತು ನಡೆದದ್ದು ಒಂದು ಖಾಲಿ ಹಾಳೆಯ ಬಗ್ಗೆ. ಆ ಹಾಳೆ ನನಗೆ ಯಾಕೆ ಬೇಕಾಯಿತು ಅನ್ನುವುದನ್ನು ಇಲ್ಲಿ ಬರೆದಿಡುತ್ತೇನೆ.

ನಾನು ಬರೆಯುವುದು ಬೆಳಿಗ್ಗೆ ಐದರಿಂದ ಏಳೂವರೆವರೆಗೆ. ಆಮೇಲೆ ಅಮ್ಮನ ಮಾತ್ರೆ, ಸ್ನಾನ, ಆಫೀಸು. ಆಫೀಸಿನಲ್ಲಿ ನಾನು ಲೆಕ್ಕ ನೋಡುವವಳು. ಕಾದಂಬರಿ ಬರೆಯುವವರು ಇಡೀ ದಿನ ಕಿಟಕಿ ಪಕ್ಕ ಕೂತು ಯೋಚಿಸುತ್ತಾರೆ ಅಂತ ತುಂಬ ಜನ ತಿಳಿದಿದ್ದಾರೆ. ನನಗೆ ಸಿಗುವುದು ಎರಡೂವರೆ ಗಂಟೆ. ಅದರಲ್ಲಿ ಮೊದಲ ಅರ್ಧ ಗಂಟೆ ಹಿಂದಿನ ದಿನ ಬರೆದದ್ದನ್ನು ಗಟ್ಟಿಯಾಗಿ ಓದುವುದಕ್ಕೇ ಹೋಗುತ್ತದೆ. ಓದುವಾಗ ನಾಲಿಗೆ ತಡವರಿಸಿದ ಕಡೆ ಪೆನ್ಸಿಲ್‌ನಲ್ಲಿ ಒಂದು ಗೀಟು ಎಳೆಯುತ್ತೇನೆ. ಆಮೇಲೆ ಹೊಸದು. ಕೈ ಓಡಿದ ದಿನ 300 ಪದ. ಓಡದ ದಿನ ಒಂದೇ ಪ್ಯಾರಾ ನಾಲ್ಕು ಸಲ.

ಈ ಅಭ್ಯಾಸ ನನ್ನೊಬ್ಬಳದ್ದೇ ಅಲ್ಲ ಅಂತ ಗೊತ್ತಾದದ್ದು ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಕಾದಂಬರಿಕಾರ ಆಂಥೊನಿ ಟ್ರಾಲಪ್ ಬಗ್ಗೆ ಓದಿದಾಗ. ಅವರು ಅಂಚೆ ಇಲಾಖೆಯ ನೌಕರರು. ಬೆಳಿಗ್ಗೆ 5.30ಕ್ಕೆ ಮೇಜಿನ ಮುಂದೆ ಇರುತ್ತಿದ್ದರು. ಮೊದಲ ಅರ್ಧ ಗಂಟೆ ಹಿಂದಿನ ದಿನದ ಬರವಣಿಗೆ ಓದಿ, ಪದಗಳ ಸದ್ದನ್ನು ಕಿವಿಯಲ್ಲಿ ತೂಗಿ ನೋಡುತ್ತಿದ್ದರು. ಆಮೇಲೆ ಗಡಿಯಾರ ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದ. ಹೀಗೆ 47 ಕಾದಂಬರಿ ಬರೆದರು. ಆ ವೇಗ ನನಗೆ ಬರುವುದಿಲ್ಲ. ಆದರೆ ಕೆಲಸಕ್ಕೆ ಹೋಗುವ ಮೊದಲು ಬರೆದು ಮುಗಿಸಿ ಎದ್ದ ಒಬ್ಬರು ಹಿಂದೆ ಇದ್ದರಲ್ಲ ಅನ್ನುವುದೇ ಎಷ್ಟೋ ಬೆಳಗು ನನ್ನನ್ನು ಹಾಸಿಗೆಯಿಂದ ಎಬ್ಬಿಸಿದೆ.

ಬರೆಯುವಾಗ ಓದುಗರು ಕಣ್ಣಮುಂದೆ ಇರುವುದಿಲ್ಲ. ಪುಸ್ತಕ ಬಂದ ಮೇಲೂ ಹೆಚ್ಚಿನವರು ಕಾಣುವುದಿಲ್ಲ. ಒಂದು ಪತ್ರ, ಒಂದು ಫೋನು, ಯಾವುದೋ ಕಾರ್ಯಕ್ರಮದಲ್ಲಿ ಹಿಂದಿನ ಸಾಲಿನಿಂದ ಎದ್ದು ಬಂದು ಮಾತಾಡಿಸುವ ಒಬ್ಬರು. ಅಷ್ಟರಲ್ಲೇ ಊಹೆ ಮಾಡಿಕೊಳ್ಳಬೇಕು.

ಹಾಗೆ ಎದ್ದು ಬಂದವರಲ್ಲಿ ಒಬ್ಬರು ಹಿರಿಯ ನರ್ಸ್. ಕೈಯಲ್ಲಿ ನನ್ನ ಎರಡನೆಯ ಕಾದಂಬರಿ ಇತ್ತು. ಸಹಿ ಬೇಕೇನೋ ಅಂತ ಪೆನ್ನು ತೆಗೆದೆ. ಅವರು, ‘ಸಹಿ ಆಮೇಲೆ ಹಾಕಿ ಮೇಡಂ, ಮೊದಲು ಇದನ್ನ ನೋಡಿ’ ಅಂದು ಮೊದಲ ಹಾಳೆ ತೆರೆದರು. ನೀಲಿ ಬಾಲ್‌ಪೆನ್ನಿನಲ್ಲಿ, ದೊಡ್ಡ ಅಕ್ಷರಗಳಲ್ಲಿ ಒಂದೇ ಸಾಲು: ‘ಪುಟ 112. ನಿದ್ದೆ ಬಾರದ ದಿನ ಓದು.’ ಎಷ್ಟು ಒತ್ತಿ ಬರೆದಿದ್ದರು ಅಂದರೆ ಹಾಳೆ ತಿರುಗಿಸಿ ಬೆರಳಾಡಿಸಿದರೆ ಅಕ್ಷರಗಳು ಕೈಗೆ ಸಿಗುತ್ತಿದ್ದವು. ಕೆಳಗೆ ದಿನಾಂಕ, ಅವರ ಹೆಸರಿನ ಮೊದಲ ಅಕ್ಷರ. ಅಷ್ಟೇ.

ಅವರ ವಾರ್ಡಿನಲ್ಲಿ ಕೆಲಸ ಕಲಿತು ಬೇರೆ ಕಡೆ ಹೋಗುವ ಹುಡುಗಿಯರಿಗೆ ಅವರು ಈ ಪುಸ್ತಕ ಕೊಡುತ್ತಾರಂತೆ. ಅದು ಏಳನೆಯ ಪ್ರತಿ. ಎಲ್ಲದರಲ್ಲೂ ಅದೇ ಸಾಲು. ‘ರಾತ್ರಿ ಡ್ಯೂಟಿ ಮುಗಿಸಿ ಹೋದರೆ ಮೈ ಸೋತಿರುತ್ತೆ, ಕಣ್ಣು ಮುಚ್ಚಲ್ಲ. ಆಗ ತಾನೊಬ್ಬಳೇ ಎದ್ದಿರೋದು ಅನ್ನಿಸುತ್ತೆ. ಈ ಪುಟದಲ್ಲಿ ಇನ್ನೊಬ್ಬಳು ಎದ್ದಿದ್ದಾಳಲ್ಲ, ಅದಕ್ಕೆ’ ಅಂದರು.

ಮನೆಗೆ ಬಂದು 112ನೆಯ ಪುಟ ತೆಗೆದೆ. ರಾತ್ರಿ ಮೂರು ಗಂಟೆ. ಒಬ್ಬ ಹೆಂಗಸು ನಲ್ಲಿ ತೊಟ್ಟಿಕ್ಕುವ ಸದ್ದು ಕೇಳುತ್ತಾ ಮಲಗಿದ್ದಾಳೆ. ಎದ್ದು ಹೋಗಿ ಕೆಳಗೆ ಒಂದು ಬಟ್ಟೆ ಇಡುತ್ತಾಳೆ. ಸದ್ದು ನಿಲ್ಲುತ್ತದೆ. ಆದರೂ ಕಿವಿ ಕಾಯುತ್ತಲೇ ಇರುತ್ತದೆ. ಆ ಪುಟದಲ್ಲಿ ಆಗುವುದು ಇಷ್ಟೇ. ಕರಡು ತಿದ್ದುವಾಗ ಇದನ್ನು ಹೊಡೆದುಹಾಕಬೇಕು ಅಂತ ಎರಡು ಸಲ ಪೆನ್ನು ಹಿಡಿದಿದ್ದೆ. ಏನೂ ನಡೆಯುವುದಿಲ್ಲವಲ್ಲ ಅಂತ. ಎರಡು ಸಲವೂ ನಾಳೆ ನೋಡೋಣ ಎಂದು ಬಿಟ್ಟಿದ್ದೆ. ನಾನು ಬಿಡಲೋ ಬೇಡವೋ ಅಂತ ಒದ್ದಾಡಿದ ಪುಟ ಏಳು ಹುಡುಗಿಯರ ಕೈಗೆ ಹೋಗಿದೆ. ನಾನು ಸಹಿ ಹಾಕಿ ಕೊಟ್ಟಿದ್ದರೆ ಅವರು ಆ ಪುಟದಲ್ಲಿ ನಿಲ್ಲುತ್ತಿರಲಿಲ್ಲ. ನಿಲ್ಲಿಸಿದ್ದು ಆ ನೀಲಿ ಸಾಲು.

ಪುಸ್ತಕವನ್ನು ಉಡುಗೊರೆ ಕೊಡುವುದು ನನಗೇ ಸರಿಯಾಗಿ ಬರುತ್ತಿರಲಿಲ್ಲ. ಮೊದಲ ಕಾದಂಬರಿ ಬಂದಾಗ ಪ್ರಕಾಶಕರು ಗೌರವ ಪ್ರತಿಗಳ ಕಟ್ಟು ಕಳಿಸಿದರು. ಮೊದಲನೆಯದು ತಂಗಿಗೆ. ಒಳಗೆ ‘ಪ್ರೀತಿಯಿಂದ’ ಅಂತ ಬರೆದು ಸಹಿ ಹಾಕಿದೆ. ಮಾರನೆಯ ವಾರ ಫೋನ್ ಮಾಡಿ ‘ಓದಿದ್ಯಾ?’ ಅಂದೆ. ಅದರ ಮಾರನೆಯ ವಾರ ‘ಎಲ್ಲಿಗೆ ಬಂದೆ?’ ಅಂದೆ. ಮೂರನೆಯ ವಾರ ಅವಳು ಫೋನ್ ಎತ್ತಲಿಲ್ಲ. ಕೊನೆಗೆ ಒಂದು ದಿನ ಎದುರಿಗೇ ಹೇಳಿದಳು: ‘ಅಕ್ಕಾ, ಪುಸ್ತಕ ಬಿಡಿಸಿದ್ರೆ ನೀನೇ ಮುಂದೆ ಕೂತು ನನ್ನ ಮುಖ ನೋಡ್ತಾ ಇರೋ ಹಾಗಾಗುತ್ತೆ. ಹೇಗೆ ಓದ್ಲಿ ಹೇಳು.’

ಅವಳ ಮಾತು ಸರಿ. ಬರೆದವಳೇ ಕೊಟ್ಟಾಗ ಪುಸ್ತಕದ ಜೊತೆ ಒಂದು ಪರೀಕ್ಷೆಯೂ ಹೋಗುತ್ತದೆ. ಅಂದಿನಿಂದ ನಾನು ಯಾರಿಗೆ ಪುಸ್ತಕ ಕೊಟ್ಟರೂ, ಅದು ನನ್ನದಾಗಲಿ ಬೇರೆಯವರದ್ದಾಗಲಿ, ಓದಿದ್ರಾ ಅಂತ ಕೇಳುವುದಿಲ್ಲ. ಕೇಳಬೇಕು ಅಂತ ನಾಲಿಗೆ ತುದಿಗೆ ಬರುತ್ತದೆ, ನಿಜ. ತಡೆದುಕೊಳ್ಳುತ್ತೇನೆ. ನಾಲ್ಕು ವರ್ಷ ಆದ ಮೇಲೆ ತಂಗಿ ಒಂದು ಸಂಜೆ ಸುಮ್ನೆ ಫೋನ್ ಮಾಡಿ, ಆ ಕಥೆಯಲ್ಲಿ ಬರುವ ಗಡಿಯಾರ ರಿಪೇರಿ ಮುದುಕನ ಬಗ್ಗೆ ಅರ್ಧ ಗಂಟೆ ಮಾತಾಡಿದಳು. ನಾನು ಬರೀ ಹೂಂ, ಹೂಂ ಅನ್ನುತ್ತಾ ಕೇಳಿದೆ.

ಅವಳು ನನಗೆ ಕೊಟ್ಟ ಉಡುಗೊರೆ ಬೇರೆಯದು. ಭಾನುವಾರ ಬೆಳಿಗ್ಗೆ ಬಂದು ಅಮ್ಮನನ್ನು ತನ್ನ ಮನೆಗೆ ಕರೆದುಕೊಂಡು ಹೋಗುತ್ತಾಳೆ, ಸಂಜೆ ತಂದು ಬಿಡುತ್ತಾಳೆ. ‘ನೀನು ಬರಿ’ ಅಷ್ಟೇ ಹೇಳುವುದು. ಅಮೆರಿಕದ ಲೇಖಕಿ ಹಾರ್ಪರ್ ಲೀ ವಿಮಾನ ಸಂಸ್ಥೆಯಲ್ಲಿ ಟಿಕೆಟ್ ಕೆಲಸ ಮಾಡುತ್ತಿದ್ದಾಗ, 1956ರ ಕ್ರಿಸ್‌ಮಸ್‌ಗೆ ಗೆಳೆಯ ದಂಪತಿ ಒಂದು ವರ್ಷ ಕೆಲಸ ಬಿಟ್ಟು ಬರೆಯಲು ಆಗುವಷ್ಟು ಹಣ ಕೊಟ್ಟರು. 1960ರಲ್ಲಿ ಅವರ ಕಾದಂಬರಿ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಬಂತು. ಈ ಉಡುಗೊರೆಯ ಕಥೆ ಓದಿದಾಗಲೆಲ್ಲ ನನಗೆ ನೆನಪಾಗುವುದು ಬಾಗಿಲಲ್ಲಿ ನಿಂತು ಅಮ್ಮನ ಚಪ್ಪಲಿ ಹುಡುಕುವ ನನ್ನ ತಂಗಿ.

ಮತ್ತೆ ಮೊದಲ ಹಾಳೆಯ ವಿಚಾರಕ್ಕೆ ಬರುತ್ತೇನೆ. ಇಂಗ್ಲಿಷ್ ಲೇಖಕಿ ಜೇನ್ ಆಸ್ಟಿನ್ 1815ರ ಡಿಸೆಂಬರ್‌ನಲ್ಲಿ ಹೊಸ ಕಾದಂಬರಿ ‘ಎಮ್ಮಾ’ ಬಂದಾಗ 12 ಪ್ರತಿಗಳನ್ನು ಉಡುಗೊರೆಗೆ ಎತ್ತಿಟ್ಟರು. ಹೆಚ್ಚಿನವು ಮನೆಯವರಿಗೆ. ಒಂದು ಮಾತ್ರ ಆನ್ ಶಾರ್ಪ್ ಅನ್ನುವ ಗೆಳತಿಗೆ. ಆಕೆ ಆಸ್ಟಿನ್ ಅವರ ಅಣ್ಣನ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳಿಕೊಟ್ಟವರು. ಆ ಪ್ರತಿಯ ಒಳಗೆ ‘ಲೇಖಕರಿಂದ’ ಎಂದು ಬರೆದಿದೆ. ಆದರೆ ಆ ಕೈಬರಹ ಆಸ್ಟಿನ್ ಅವರದ್ದಲ್ಲ, ಪ್ರಕಾಶಕರ ಗುಮಾಸ್ತರದ್ದು. ಪುಸ್ತಕದ ಮೇಲೆ ಲೇಖಕಿಯ ಹೆಸರನ್ನೇ ಹಾಕದ ಕಾಲ ಅದು. ಆದರೂ ನನಗೆ ಇದು ಓದಿ ಸಂಕಟ ಆಯಿತು. ಆ ಗೆಳತಿ ಪುಟ ತೆರೆದಾಗ ಪರಿಚಯದ ಅಕ್ಷರ ಹುಡುಕಿರಬೇಕು, ಅಲ್ವಾ?

ಅದಕ್ಕೇ ಈಗ ಯಾರಾದರೂ ‘ಇನ್ನೊಬ್ಬರಿಗೆ ಕೊಡೋಕೆ, ಅವರ ಹೆಸರು ಬರೆದು ಸಹಿ ಹಾಕಿ’ ಅಂದರೆ, ನಾನು ಒಳಗಿನ ಶೀರ್ಷಿಕೆಯ ಪುಟದಲ್ಲಿ ಕೆಳಗಡೆ ಚಿಕ್ಕದಾಗಿ ಸಹಿ ಹಾಕುತ್ತೇನೆ. ಹೆಸರು ಬರೆಯುವುದಿಲ್ಲ. ‘ಹೆಸರು ನೀವು ಬರೀರಿ, ಯಾಕೆ ಕೊಡ್ತಿದ್ದೀರಿ ಅಂತಲೂ ಒಂದು ಸಾಲು ಬರೀರಿ’ ಅಂತ ಪೆನ್ನು ಅವರ ಕೈಗೇ ಕೊಡುತ್ತೇನೆ. ಕೆಲವರು ನಾಚಿಕೊಳ್ಳುತ್ತಾರೆ. ಅಕ್ಷರ ಚೆನ್ನಾಗಿಲ್ಲ ಅನ್ನುತ್ತಾರೆ. ಕೆಲವರು ಪಕ್ಕಕ್ಕೆ ಹೋಗಿ, ಗೋಡೆಗೆ ಪುಸ್ತಕ ಒತ್ತಿಹಿಡಿದು, ತುಂಬಾ ಹೊತ್ತು ಬರೆಯುತ್ತಾರೆ. ಅವರು ಬರೆಯುವಾಗ ನಾನು ಬೇರೆ ಕಡೆ ನೋಡುತ್ತೇನೆ.

ಆದರೆ ಹೆಚ್ಚಿನ ಪುಸ್ತಕಗಳಲ್ಲಿ ಬರೆಯಲು ಜಾಗವೇ ಸಿಗುವುದಿಲ್ಲ. ಹೊಳಪಿನ ರಕ್ಷಾಪುಟದ ಒಳಬದಿಯಲ್ಲಿ ಇಂಕು ನಿಲ್ಲದೆ ಕೈಗೆ ಮೆತ್ತುತ್ತದೆ. ಮುಂದಿನ ಪುಟದಲ್ಲಿ ಶೀರ್ಷಿಕೆ. ಅದರ ಹಿಂದೆ ಹಕ್ಕು, ಮುದ್ರಣದ ವಿವರ. ಆಮೇಲೆ ಅರ್ಪಣೆ, ಮುನ್ನುಡಿ. ಕೊಡುವವರು ಮೂಲೆಯಲ್ಲಿ ಅಕ್ಷರ ಮುದುಡಿಸಿ ಬರೆಯಬೇಕು.

ಈ ಸಲ ಪುಟವಿನ್ಯಾಸ ಮುಗಿದಾಗ ಎಲ್ಲ ಸೇರಿ 250 ಪುಟ ಆಯಿತು. ಪುಸ್ತಕ ಅಚ್ಚಾಗುವುದು ಫಾರಂ ಲೆಕ್ಕದಲ್ಲಿ. ದೊಡ್ಡ ಹಾಳೆಯೊಂದನ್ನು ಮಡಚಿದರೆ 16 ಪುಟ, ಅದು ಒಂದು ಫಾರಂ. 16 ಫಾರಂ ಅಂದರೆ 256 ಪುಟ. ಆರು ಉಳಿಯಿತು. ಪ್ರಕಾಶಕರು ಫೋನ್ ಮಾಡಿ, ‘ಮೇಡಂ, ಹಿಂದೆ ಆರು ಪುಟ ಖಾಲಿ ಬರುತ್ತೆ, ನಮ್ಮ ಬೇರೆ ಪುಸ್ತಕಗಳ ಪಟ್ಟಿ ಹಾಕ್ತೀವಿ’ ಅಂದರು. ನಾಲ್ಕು ನಿಮಗೆ, ಎರಡು ನನಗೆ ಅಂದೆ. ಒಂದು ಹಾಳೆ, ಎಲ್ಲಕ್ಕಿಂತ ಮುಂದೆ, ಎರಡೂ ಬದಿ ಖಾಲಿ. ಒಂದು ಗೆರೆಯೂ ಬೇಡ, ‘ಇವರಿಗೆ’, ‘ಇವರಿಂದ’ ಅಂತ ಅಚ್ಚು ಹಾಕುವುದೂ ಬೇಡ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಗಲಿ ಅಂದರು. ಆ ನರ್ಸ್ ಕಥೆ ಹೇಳಿದ ಮೇಲೆ, ಕಾಗದ ಇಂಕು ಹೀರುತ್ತದಾ ಅಂತ ಅವರೇ ಒಂದು ತುಂಡಿನ ಮೇಲೆ ಬರೆದು ನೋಡಿದರು.

ಕೊನೆಯ ಕರಡು ಬಂದಾಗ ಮೊದಲು ನೋಡಿದ್ದು ಅದನ್ನೇ. ಹಾಳೆ ಅಲ್ಲೇ ಇತ್ತು. ವಿಷಯ ಗೊತ್ತಿಲ್ಲದ ಯಾರೋ ಕರಡು ತಿದ್ದುವವರು ನಡುವೆ ಕೆಂಪು ಪೆನ್ನಿನಲ್ಲಿ ಗುಂಡು ಸುತ್ತಿ, ‘ಇಲ್ಲಿ ಪುಟ ಬಿಟ್ಟುಹೋಗಿದೆ, ಗಮನಿಸಿ’ ಅಂತ ಬರೆದಿದ್ದರು. ಪಕ್ಕದಲ್ಲಿ ‘ಗಮನಿಸಿದ್ದೇನೆ, ಹಾಗೇ ಇರಲಿ’ ಎಂದು ಬರೆದು ಕಳಿಸಿದೆ.