ಬೆರಳಿಗೆ 98, ರಕ್ತಕ್ಕೆ 7.2

ಒಂದು ಮಹಡಿ ಹತ್ತಿದರೂ ಏದುಸಿರು, ಎದೆ ಡವಡವ. ಕೂತರೆ ಏನೂ ಇಲ್ಲ. ಮನೆಯವರ ಕಾಟ ತಾಳಲಾರದೆ ಆಸ್ಪತ್ರೆಗೆ ಹೋದೆ. ಸಿಸ್ಟರ್ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದರು. 98 ತೋರಿಸಿತು. "ಆಕ್ಸಿಜನ್ ಚೆನ್ನಾಗಿದೆ" ಅಂದರು. ಮಧ್ಯಾಹ್ನ ರಕ್ತದ ರಿಪೋರ್ಟ್ ಬಂತು. ರಕ್ತದಲ್ಲಿ ಆಕ್ಸಿಜನ್ ಹೊರುವ ಹಿಮೋಗ್ಲೋಬಿನ್ ಬರೀ 7.2. ಇರಬೇಕಾದದ್ದರ ಅರ್ಧ!

"ಆಕ್ಸಿಜನ್ 98 ಇದೆಯಲ್ಲ ಡಾಕ್ಟ್ರೇ, ಮತ್ತೆ ಸುಸ್ತು ಯಾಕೆ?" ಅಂತ ಕೇಳಿದೆ.

"ಅದು ಶೇಕಡಾ ಲೆಕ್ಕ. ಇರೋ ಕೊಡಗಳಲ್ಲಿ ಎಷ್ಟು ತುಂಬಿವೆ ಅಂತ ಹೇಳುತ್ತೆ, ಅಷ್ಟೇ. ನಿಮ್ಮ ಹತ್ರ ಕೊಡಗಳೇ ಕಮ್ಮಿ ಇವೆ" ಅಂದರು.

ಆಮೇಲೆ ರಿಪೋರ್ಟಿನ ಹಿಂದೆಯೇ ಲೆಕ್ಕ ಬರೆದು ತೋರಿಸಿದರು. ಒಂದು ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿಲಿಲೀಟರ್ ಆಕ್ಸಿಜನ್ ಹೊರುತ್ತದೆ. 100 ಮಿಲಿಲೀಟರ್ ರಕ್ತದಲ್ಲಿ 15 ಗ್ರಾಂ ಇದ್ದರೆ 20 ಮಿಲಿಲೀಟರ್ ಆಕ್ಸಿಜನ್. ನನ್ನದು ಒಂಬತ್ತೂವರೆ. ಹಿಮೋಗ್ಲೋಬಿನ್ ಇಲ್ಲದೆ ಸುಮ್ನೆ ರಕ್ತದಲ್ಲಿ ಕರಗಿ ಹೋಗುವುದು ಬರೀ 0.3. ಅದನ್ನು ನಂಬಿ ಯಾರೂ ಬದುಕಲಾರರು.

ಹಾಗಾದರೆ ಕೂತಾಗ ಹೇಗೆ ಆರಾಮಾಗಿದ್ದೆ? ಸುಮ್ಮನಿರುವಾಗ ದೇಹ ರಕ್ತದಿಂದ ತೆಗೆದುಕೊಳ್ಳುವುದು ಆಕ್ಸಿಜನ್ನಿನ ಕಾಲು ಭಾಗ ಮಾತ್ರವಂತೆ. ಮುಕ್ಕಾಲು ಪಾಲು ಹಾಗೇ ವಾಪಸ್ ಬರುತ್ತದೆ. ಅದೇ ನಮ್ಮ ಮೀಸಲು. ರಕ್ತ ಕಮ್ಮಿಯಾದವರು ಕೂತಲ್ಲೇ ಆ ಮೀಸಲಿಗೆ ಕೈಹಾಕಿರುತ್ತಾರೆ. ಮೆಟ್ಟಿಲು ಹತ್ತಲು ಉಳಿದದ್ದು ಸಾಲುವುದಿಲ್ಲ. ಆಗ ಹೃದಯ ಅದೇ ರಕ್ತವನ್ನು ಜಾಸ್ತಿ ಸಲ ಓಡಿಸುತ್ತದೆ. ನನ್ನ ಡವಡವ ಅದೇ.

ಮನೆಗೆ ಬಂದು ಒಂದಿಷ್ಟು ಓದಿದೆ. ಪ್ರತಿ ಹಿಮೋಗ್ಲೋಬಿನ್ ಅಣುವಿನಲ್ಲಿ ನಾಲ್ಕು ಕಬ್ಬಿಣದ ಪರಮಾಣುಗಳು, ಒಂದೊಂದಕ್ಕೆ ಒಂದು ಆಕ್ಸಿಜನ್. ಮೊದಲನೆಯದು ಅಂಟಿದ ತಕ್ಷಣ ಅಣುವಿನ ಆಕಾರವೇ ಬದಲಾಗಿ, ಉಳಿದವು ಸಲೀಸಾಗಿ ಅಂಟಿಕೊಳ್ಳುತ್ತವೆ. ಈ ಆಕಾರವನ್ನು ಬಿಡಿಸಿ ತೋರಿಸಲು ವಿಜ್ಞಾನಿ ಮ್ಯಾಕ್ಸ್ ಪೆರುಟ್ಸ್ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಒದ್ದಾಡಿದರು. 1962ರಲ್ಲಿ ನೊಬೆಲ್ ಬಂತು.

ನನಗೆ ಮಾತ್ರ ಹಿಡಿಯುವುದಕ್ಕಿಂತ ಬಿಡುವುದೇ ದೊಡ್ಡ ಜಾಣತನ ಅನಿಸಿತು. ದುಡಿಯುವ ಸ್ನಾಯು ಬಿಸಿಯಾಗುತ್ತದೆ, ಅಲ್ಲಿ ಇಂಗಾಲದ ಡೈಆಕ್ಸೈಡ್, ಆಮ್ಲ ಹೆಚ್ಚುತ್ತವೆ. ಅಂಥ ಕಡೆ ಹಿಮೋಗ್ಲೋಬಿನ್ ಹಿಡಿತ ಸಡಿಲ ಮಾಡುತ್ತದೆ. ಎಲ್ಲಿ ಬೇಕೋ ಅಲ್ಲೇ ಇಳಿಸುತ್ತದೆ, ಯಾರೂ ಹೇಳದೆ! ಇಂಗಾಲದ ಡೈಆಕ್ಸೈಡ್ ಹೀಗೆ ಹಿಡಿತ ಸಡಿಲಿಸುತ್ತದೆ ಅಂತ 1904ರಲ್ಲಿ ತೋರಿಸಿದವರಲ್ಲಿ ಕ್ರಿಶ್ಚಿಯನ್ ಬೋರ್ ಒಬ್ಬರು. ಪರಮಾಣುವಿನ ನೀಲ್ಸ್ ಬೋರ್ ಇದ್ದಾರಲ್ಲ, ಅವರ ಅಪ್ಪ.

ಇದಕ್ಕೆ ತದ್ವಿರುದ್ಧ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್. ಆಕ್ಸಿಜನ್‌ಗಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಕಬ್ಬಿಣಕ್ಕೆ ಅಂಟಿ ಸುಲಭಕ್ಕೆ ಜಾಗ ಬಿಡುವುದಿಲ್ಲ. ಮಾಮೂಲಿ ಆಕ್ಸಿಮೀಟರ್ ಅದನ್ನೂ ಆಕ್ಸಿಜನ್ ಅಂತಲೇ ಎಣಿಸಿ ಒಳ್ಳೆಯ ಅಂಕಿ ತೋರಿಸಿಬಿಡುತ್ತದೆ. ಹೊಗೆಯಲ್ಲಿ ಸಿಕ್ಕಿಕೊಂಡವರ ವಿಷಯದಲ್ಲಿ ಆ ಅಂಕಿ ನಂಬುವಂತಿಲ್ಲ.

ಡಾಕ್ಟರು ಕಬ್ಬಿಣದ ಮಾತ್ರೆ ಬರೆದು ಅಷ್ಟಕ್ಕೇ ಬಿಡಲಿಲ್ಲ. ಕೆಂಪು ರಕ್ತಕಣ ಸುಮಾರು 120 ದಿನ ಬದುಕಿ ಸತ್ತರೂ ಅದರ ಕಬ್ಬಿಣವನ್ನು ದೇಹ ಮತ್ತೆ ಬಳಸುತ್ತದೆ. ದಿನಕ್ಕೆ ಹೊರಹೋಗುವುದು ಒಂದೆರಡು ಮಿಲಿಗ್ರಾಂ ಮಾತ್ರ. "ಅಂದಮೇಲೆ ನಿಮ್ಮದು ಎಲ್ಲೋ ಸೋರ್ತಿದೆ" ಅಂದರು. ಎಂಡೋಸ್ಕೋಪಿಯಲ್ಲಿ ಹೊಟ್ಟೆಯ ಹುಣ್ಣು ಕಂಡಿತು. ಮಂಡಿನೋವಿಗೆ ನುಂಗುತ್ತಿದ್ದ ಮಾತ್ರೆಯ ಕೊಡುಗೆ ಅದು. ಆ ಮಾತ್ರೆ ಅವತ್ತೇ ನಿಂತಿತು. ಕಬ್ಬಿಣದ್ದು ಇನ್ನೂ ನಡೆಯುತ್ತಿದೆ. ಹಿಮೋಗ್ಲೋಬಿನ್ ಸರಿಹೋದ ಮೇಲೂ ಕೆಲವು ತಿಂಗಳು ನುಂಗಬೇಕಂತೆ, ದೇಹದ ಉಗ್ರಾಣ ತುಂಬುವವರೆಗೆ.